ದೇವಮಾತೆಯ ದಾಸ ಸಂತ ಜೋಸೆಫ್ ವಾಜ್: ಮುಡಿಪಾದ ಒಂದು ಜೀವನ



ಹರಕೆ ಹೊತ್ತು, ಮಕ್ಕಳು ಮರಿ ಕಟ್ಟಿಕೊಂಡು ಈ ಮುಡಿಪು ಗುಡ್ಡ ಹತ್ತಿ ಬಂದಿದ್ದೀರಿ. ಕೆಲವರು ಕಾಯಿಲೆ ಗುಣವಾಗಲಿ ಅಂತ ಬಂದಿದ್ದೀರಿ, ಕೆಲವರು ಮಗಳ ಮದುವೆ, ಮಗನ ಕೆಲಸ ಅಂತ ಬಂದಿದ್ದೀರಿ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಧರ್ಮದವರೂ ಬರುತ್ತೀರಿ. ಬಂದವರೆಲ್ಲ ಸಂತ ಜೋಸೆಫ್ ವಾಜರ ಹೆಸರು ಬಲ್ಲಿರಿ, ಅವರ ಪ್ರತಿಮೆಯ ಮುಂದೆ ಮೊಂಬತ್ತಿ ಹಚ್ಚುತ್ತೀರಿ. ಆದರೆ ಅವರು ಯಾರು, ಈ ಕಡೆ ಯಾಕೆ ಬಂದರು, ಇಲ್ಲಿಂದ ಎಲ್ಲಿಗೆ ಹೋದರು ಎಂದು ಕೇಳಿದರೆ ಬಹಳ ಮಂದಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಅದನ್ನು ತಿಳಿಸಲೆಂದೇ ಈ ಪುಟಗಳು.

ಕನ್ನಡದಲ್ಲಿ ಮುಡಿಪು ಅಂದರೆ ದೇವರಿಗೆಂದು ತೆಗೆದಿಟ್ಟದ್ದು. ಹರಕೆಯ ಹಣವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಾರಲ್ಲ, ಅದು ಮುಡಿಪು. ಈ ಊರಿಗೆ ಆ ಹೆಸರು ಹೇಗೆ ಬಂತು ಎನ್ನುವುದು ಬೇರೆ ವಿಷಯ. ಆದರೆ ಫಾದರ್ ವಾಜರ ಬಾಳಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಅವರು ದುಡ್ಡನ್ನು ಮುಡಿಪು ಕಟ್ಟಲಿಲ್ಲ, ಅವರ ಹತ್ತಿರ ದುಡ್ಡೂ ಇರಲಿಲ್ಲ. ತಮ್ಮನ್ನೇ ಕಟ್ಟಿಟ್ಟರು.

ಬಾಲ್ಯ ಮತ್ತು ಗುರುದೀಕ್ಷೆ

ಜೋಸೆಫ್ ವಾಜ್ ಹುಟ್ಟಿದ್ದು 1651ನೇ ಇಸವಿ ಏಪ್ರಿಲ್ 21ರಂದು, ಗೋವಾದ ಬಾಣಾವಲಿ ಗ್ರಾಮದಲ್ಲಿ. ಅದು ತಾಯಿಯ ಊರು. ತಂದೆ ಕ್ರಿಸ್ತೋವಾಂವ್ ವಾಜ್ ಸಾಂಕ್ವಾಳದವರು, ತಾಯಿ ಮರಿಯಾ ದೆ ಮಿರಾಂದಾ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಮನೆಮಾತು ಕೊಂಕಣಿ. ಹುಟ್ಟಿದ ಎಂಟನೇ ದಿನ ಬಾಣಾವಲಿಯ ಸ್ನಾನಿಕ ಯೊವಾನ್ನರ ಇಗರ್ಜಿಯಲ್ಲಿ ದೀಕ್ಷಾಸ್ನಾನವಾಯಿತು. ಪೋರ್ಚುಗೀಸ್ ಭಾಷೆಯನ್ನು ಸಾಂಕ್ವಾಳದಲ್ಲಿ, ಲತೀನನ್ನು ಬಾಣಾವಲಿಯಲ್ಲಿ ಕಲಿತರು. ಆಮೇಲೆ ಗೋವಾ ನಗರದಲ್ಲಿ ಯೇಸುಸಭೆಯ ಸಂತ ಪೌಲರ ಕಾಲೇಜು, ದೊಮಿನಿಕನ್ ಗುರುಗಳ ಬಳಿ ದೈವಶಾಸ್ತ್ರ. 1676ರಲ್ಲಿ ಗುರುದೀಕ್ಷೆ. ಆಗ ವಯಸ್ಸು ಇಪ್ಪತ್ತೈದು.

ಗುರುದೀಕ್ಷೆ ಆದ ಮೇಲೆ ಅವರು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಪಾದರಕ್ಷೆ ಬಿಟ್ಟರು. ಬಡವರು ಬರಿಗಾಲಲ್ಲಿ ನಡೆಯುತ್ತಾರೆ, ನಾನೂ ಹಾಗೇ ನಡೆಯುತ್ತೇನೆ ಎಂದು ನಿಶ್ಚಯ ಮಾಡಿದರು. ಒಳ್ಳೆಯ ಮನೆತನದ, ಓದಿದ, ಪ್ರಸಂಗ ಮಾಡುವುದರಲ್ಲಿ ಹೆಸರು ಮಾಡಿದ ಯುವ ಪಾದ್ರಿ ಗೋವಾದ ಬೀದಿಯಲ್ಲಿ ಬರಿಗಾಲಲ್ಲಿ ನಡೆದುಹೋದರೆ ಜನ ನೋಡದೆ ಇರುತ್ತಾರೆಯೇ? ಸಾಂಕ್ವಾಳದಲ್ಲಿ ಒಂದು ಲತೀನ್ ಶಾಲೆಯನ್ನೂ ಶುರು ಮಾಡಿದರು. ಗುರುವಾಗಬಯಸುವ ಹುಡುಗರಿಗೆ ಅಲ್ಲಿ ಪಾಠ.

ದಾಸ್ಯಪತ್ರ

ಅವರ ಇಡೀ ಜೀವನದ ಬೀಗದಕೈ 1677ರಲ್ಲಿದೆ. ಆ ವರ್ಷ ಆಗಸ್ಟ್ 5ರಂದು ಸಾಂಕ್ವಾಳದ ಆರೋಗ್ಯಮಾತೆಯ ಇಗರ್ಜಿಯಲ್ಲಿ, ಪೀಠದ ಮುಂದೆ, ಅವರು ಒಂದು ಪತ್ರ ಬರೆದು ರುಜು ಹಾಕಿದರು. ಅದು ಭೂಮಿಯ ಪತ್ರವಲ್ಲ, ಸಾಲದ ಪತ್ರವಲ್ಲ. ತಾನು ದೇವಮಾತೆ ಮರಿಯಮ್ಮನವರ ಶಾಶ್ವತ ದಾಸ, ತನ್ನ ಮೇಲೆ ತನಗೆ ಇನ್ನು ಯಾವ ಹಕ್ಕೂ ಇಲ್ಲ ಎಂದು ತನ್ನನ್ನೇ ಬರೆದುಕೊಟ್ಟ ಪತ್ರ. ಅದಕ್ಕೆ ದಾಸ್ಯಪತ್ರ ಎಂದೇ ಹೆಸರು.

ಇವತ್ತು ಓದುವವರಿಗೆ ಇದು ಬರೀ ಭಕ್ತಿಯ ಮಾತು ಅನ್ನಿಸಬಹುದು. ಆದರೆ ಆ ಕಾಲದ ಗೋವಾವನ್ನು ಸ್ವಲ್ಪ ಯೋಚಿಸಿ ನೋಡಿ. ಅಲ್ಲಿ ಗುಲಾಮರ ವ್ಯಾಪಾರ ನಿಜವಾಗಿಯೂ ನಡೆಯುತ್ತಿತ್ತು. ಆಫ್ರಿಕದಿಂದಲೂ ನಮ್ಮ ದೇಶದ ಬೇರೆ ಬೇರೆ ಕಡೆಗಳಿಂದಲೂ ತಂದ ಗಂಡಸು, ಹೆಂಗಸು, ಮಕ್ಕಳನ್ನು ಹಣಕ್ಕೆ ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಗುಲಾಮ ಎಂದರೆ ಏನೆಂದು ಫಾದರ್ ವಾಜರು ದಿನಾ ಕಣ್ಣಾರೆ ಕಂಡಿದ್ದರು. ಅವನಿಗೆ ಸ್ವಂತ ಮನೆಯಿಲ್ಲ, ಸ್ವಂತ ಹೊತ್ತಿಲ್ಲ, ಬೇಡ ಎನ್ನುವ ಹಕ್ಕಿಲ್ಲ. ಅದನ್ನೆಲ್ಲ ತಿಳಿದೇ ಅವರು ಆ ಶಬ್ದವನ್ನು ತಮ್ಮ ಮೇಲೆ ಬರೆದುಕೊಂಡರು. ಯೇಸುಸ್ವಾಮಿ ದೇವರಾಗಿದ್ದರೂ ದಾಸನ ರೂಪ ತಾಳಿ ನಮಗಾಗಿ ಪ್ರಾಣ ಕೊಟ್ಟರು ಎನ್ನುವುದು ಧರ್ಮಸಭೆಯ ವಿಶ್ವಾಸ. ಸ್ವಾಮಿಯೇ ದಾಸನಾದ ಮೇಲೆ ಶಿಷ್ಯನು ಯಜಮಾನನಾಗಿ ಉಳಿಯುವುದು ಹೇಗೆ?

ಕೆನರಾದ ಮೂರು ವರ್ಷ

ಫಾದರ್ ವಾಜರ ಮನಸ್ಸು ಇದ್ದದ್ದು ಸಿಲೋನಿನ ಕಡೆ, ಅಂದರೆ ಈಗಿನ ಶ್ರೀಲಂಕಾದ ಕಡೆ. ಅಲ್ಲಿ ಡಚ್ಚರು ಪೋರ್ಚುಗೀಸರಿಂದ 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಕಿತ್ತುಕೊಂಡಿದ್ದರು. ಡಚ್ಚರು ಕಾಲ್ವಿನ್ ಪಂಥದವರು. ಕಥೋಲಿಕ ಗುರುಗಳನ್ನು ಓಡಿಸಿ, ಬಲಿಪೂಜೆಯನ್ನು ನಿಷೇಧಿಸಿದ್ದರು. ಅಲ್ಲಿನ ಕಥೋಲಿಕರು ಗುರುವಿಲ್ಲದೆ, ಸಂಸ್ಕಾರಗಳಿಲ್ಲದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದರು. ನಾನು ಹೋಗುತ್ತೇನೆ ಎಂದು ಇವರು ಕೇಳಿಕೊಂಡರು. ಆದರೆ ಮೇಲಿನವರು 1681ರಲ್ಲಿ ಇವರನ್ನು ಕಳಿಸಿದ್ದು ನಮ್ಮ ಕೆನರಾಕ್ಕೆ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ದಾಸನಿಗೆ ಸ್ವಂತ ಇಷ್ಟ ಎಲ್ಲಿಂದ? ಬಂದರು.

ಆಗ ಈ ಸೀಮೆ ಕೆಳದಿ ಅರಸರದು, ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ. ಕರಾವಳಿಯುದ್ದಕ್ಕೂ ಕ್ರೈಸ್ತರು ಚದುರಿಹೋಗಿದ್ದರು. ಇಗರ್ಜಿಗಳು ಬಿದ್ದಿದ್ದವು, ಗುರುಗಳು ಬೆರಳೆಣಿಕೆ. ಅದರ ಮೇಲೆ ದೊಡ್ಡದೊಂದು ಜಗಳ. ಗೋವಾದ ಮಹಾಧರ್ಮಾಧ್ಯಕ್ಷರು ಈ ಸೀಮೆ ನಮ್ಮದು ಅನ್ನುವರು. ರೋಮಿನಿಂದ ನೇರವಾಗಿ ನೇಮಕವಾಗಿ ಬಂದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು ನಮ್ಮದು ಅನ್ನುವರು. ಇವರ ಗುರುಗಳು ಕೊಟ್ಟ ಸಂಸ್ಕಾರ ಸಲ್ಲದು ಎಂದು ಅವರ ಕಡೆಯವರು, ಅವರದು ಸಲ್ಲದು ಎಂದು ಇವರ ಕಡೆಯವರು. ಪಾಪ, ಬಡ ಜನ ಯಾರ ಹತ್ತಿರ ಪಾಪನಿವೇದನೆ ಮಾಡಬೇಕು? ಫಾದರ್ ವಾಜರು ಬಂದದ್ದು ಗೋವಾದ ಪರವಾಗಿ. ಆದರೂ ಅವರು ಬಿಷಪ್ಪರನ್ನು ಕಂಡು ವಿನಯದಿಂದ ಮಾತಾಡಿದರು, ಜನರ ಆತ್ಮಗಳು ಈ ಜಗಳದಲ್ಲಿ ಹಾಳಾಗಬಾರದು ಎಂದು ಎರಡೂ ಕಡೆ ಸಂಧಾನಕ್ಕೆ ಓಡಾಡಿದರು.

ಓಡಾಟ ಎಂದರೆ ಎಂತಹ ಓಡಾಟ! ಮಂಗಳೂರು, ಮುಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಗಂಗೊಳ್ಳಿ, ಎಲ್ಲಾ ಬರಿಗಾಲಲ್ಲೇ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ, ಹೊಳೆ ಉಕ್ಕಿದರೆ ದಾಟುವ ಹಾಗಿಲ್ಲ. ಹೋದ ಕಡೆ ಶಾಲೆ ಶುರು ಮಾಡಿದರು, ಗುರುಗಳಿಲ್ಲದಾಗಲೂ ಜನ ಒಟ್ಟಾಗಿ ಪ್ರಾರ್ಥನೆ ಮಾಡುವಂತೆ ಭಕ್ತಸಂಘಗಳನ್ನು ಕಟ್ಟಿದರು. ಮುಂದೆ ಒಂದು ನೂರು ವರ್ಷ ಕೆನರಾದ ಕ್ರೈಸ್ತರು ಎಷ್ಟೆಷ್ಟೋ ಕಷ್ಟ ಕಂಡರೂ ವಿಶ್ವಾಸ ಬಿಡದೆ ಉಳಿದರಲ್ಲ, ಅದರಲ್ಲಿ ಈ ಮೂರು ವರ್ಷದ ಕೆಲಸದ ಪಾಲು ದೊಡ್ಡದು ಅಂತಲೇ ನನ್ನ ಅಭಿಪ್ರಾಯ.

ಈ ಗುಡ್ಡದ ಕಥೆಯೂ ಆ ಕಾಲದ್ದೇ. ಹಿರಿಯರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದದ್ದು ಹೀಗೆ: ಪಾನೀರಿನಲ್ಲಿ ಇಳಿದುಕೊಂಡಿದ್ದ ಫಾದರ್ ವಾಜರಿಗೆ, ಗುಡ್ಡದ ಮೇಲೊಬ್ಬ ಸಾಯುತ್ತಿದ್ದಾನೆ, ಅಂತಿಮ ಅಭ್ಯಂಗ ಕೊಡಬೇಕು ಎಂದು ಕರೆ ಬಂತು. ಅದು ಅವರನ್ನು ಕೊಲ್ಲಲು ಹೂಡಿದ ಸಂಚು. ಸಾಯುವವನ ಕರೆ ಎಂದರೆ ಅವರು ಹಿಂದೆ ಮುಂದೆ ನೋಡುವವರಲ್ಲ, ಹೊರಟರು. ಇಲ್ಲಿಗೆ ಬಂದಾಗ ಅಪಾಯ ತಿಳಿದು, ಓಡದೆ, ಮೊಣಕಾಲೂರಿ ಪ್ರಾರ್ಥನೆಗೆ ಕುಳಿತರು. ಅವರ ಎರಡು ಮೊಣಕಾಲು ಮತ್ತು ಕೋಲು ತಾಗಿದ ಕಡೆ ಮೂರು ಒರತೆ ಚಿಮ್ಮಿದವು, ಬೆಳಕು ಕಂಡಿತು, ಕೊಲ್ಲಲು ಬಂದವರು ಹೆದರಿ ಹಿಂದೆ ಸರಿದರು. ಜನರ ಬಾಯಲ್ಲಿ ಉಳಿದ ಈ ನೆನಪೇ ಇಷ್ಟು ಸಾವಿರ ಜನರನ್ನು ಈ ಗುಡ್ಡಕ್ಕೆ ಕರೆತರುತ್ತಿದೆ.

ಬಿಡುಗಡೆಯ ಬೆಲೆ

ಕೆನರಾದಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನು ಜನ ಅಷ್ಟು ನೆನೆಯುವುದಿಲ್ಲ. ನನಗೆ ಅದೇ ಬಹಳ ದೊಡ್ಡದಾಗಿ ಕಾಣುತ್ತದೆ. ಗುಲಾಮಗಿರಿಗೆ ಸಿಕ್ಕಿಬಿದ್ದ ಬಡ ಕ್ರೈಸ್ತರನ್ನು ಅವರು ಭಿಕ್ಷೆ ಎತ್ತಿದ ಹಣದಿಂದ ಬಿಡಿಸಿಕೊಂಡರು ಎಂದು ಅವರ ಹಳೆಯ ಚರಿತ್ರೆಗಳು ಹೇಳುತ್ತವೆ. ಯಜಮಾನನ ಬಳಿ ಹೋಗಿ, ಕೇಳಿದ ಬೆಲೆ ಕೊಟ್ಟು, ಆ ಮನುಷ್ಯನನ್ನು ಮನೆಗೆ ಕಳಿಸುವುದು.

ಭಕ್ತಾದಿಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ದೇವರು ಪ್ರೀತಿಸ್ವರೂಪಿ ಅಂತೀರಿ, ಹಾಗಾದರೆ ಶಿಲುಬೆ ಯಾಕೆ ಬೇಕಿತ್ತು, ಸುಮ್ಮನೆ ಕ್ಷಮಿಸಿಬಿಡಬಹುದಿತ್ತಲ್ಲ, ಎಂದು ಬಹಳ ಮಂದಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಾಲ ಮನ್ನಾ ನಮಗೆಲ್ಲ ಗೊತ್ತಿರುವ ಸಂಗತಿ. ಮನ್ನಾ ಆಯ್ತು ಅಂದರೆ ದುಡ್ಡು ಗಾಳಿಗೆ ಹೋಯಿತು ಅಂತಲ್ಲ. ಸಾಲ ತೀರಿಸಬೇಕಾದವನ ಬದಲು ಬೇರೆ ಯಾರೋ ಆ ನಷ್ಟ ಹೊತ್ತಿರುತ್ತಾರೆ. ಹಾಗೇ ಕ್ಷಮೆಯೂ. ಮನೆಯಲ್ಲಿ ಕುಡುಕ ಮಗನನ್ನು ತಾಯಿ ಕ್ಷಮಿಸುತ್ತಾಳೆ ಅಂದರೆ, ಅವನು ಕೊಟ್ಟ ನೋವನ್ನು ಅವನಿಗೆ ತಿರುಗಿಸದೆ ತನ್ನ ಒಡಲಲ್ಲೇ ನುಂಗಿಕೊಂಡಳು ಅಂತ ಅರ್ಥ. ಆಗಿದ್ದು ತಪ್ಪೇ ಅಲ್ಲ ಅನ್ನುವ ತಾಯಿ ಬೇರೆ. ಅದು ಪ್ರೀತಿಯೂ ಅಲ್ಲ, ನ್ಯಾಯವೂ ಅಲ್ಲ. ತಪ್ಪನ್ನು ತಪ್ಪು ಅಂದು, ಅದರ ಭಾರವನ್ನು ತಾನೇ ಹೊರುವುದು ಕ್ಷಮೆ. ಶಿಲುಬೆಯ ಮೇಲೆ ದೇವರು ಮಾಡಿದ್ದು ಇದನ್ನೇ. ಕೋಪಗೊಂಡ ತಂದೆಯನ್ನು ಮಗ ರಕ್ತ ಕೊಟ್ಟು ಸಮಾಧಾನ ಮಾಡಿದ ಅನ್ನುವ ಹಾಗೆ ಕೆಲವರು ಹೇಳುತ್ತಾರೆ, ಅದು ಸರಿಯಾದ ತಿಳುವಳಿಕೆಯಲ್ಲ. ತಂದೆಯೇ ಪ್ರೀತಿಯಿಂದ ಮಗನನ್ನು ಕಳಿಸಿದರು, ಮಗ ಪ್ರೀತಿಯಿಂದಲೇ ಬಂದರು. ಬೆಲೆ ಕೊಟ್ಟದ್ದು ದೇವರೇ.

ಗುಲಾಮನ ಮನೆಯ ಬಾಗಿಲಲ್ಲಿ ಭಿಕ್ಷೆಯ ದುಡ್ಡು ಎಣಿಸಿಕೊಡುತ್ತಿದ್ದ ಫಾದರ್ ವಾಜರಿಗೆ ಇದನ್ನು ಯಾರೂ ಪುಸ್ತಕದಿಂದ ಕಲಿಸಬೇಕಾಗಿರಲಿಲ್ಲ. ವಿಮೋಚನೆ ಎಂದು ಪೂಜೆಯಲ್ಲಿ ನಾವು ಹೇಳುವ ಮಾತಿಗೆ ಅರ್ಥವೇ ಅದು: ಬೆಲೆ ಕೊಟ್ಟು ಬಿಡಿಸುವುದು.

ಗೋವಾಕ್ಕೆ ಮರಳಿ, ಮತ್ತೆ ಹೊರಟು

1684ರಲ್ಲಿ ಗೋವಾಕ್ಕೆ ಹಿಂತಿರುಗಿದರು. ಆಗಿನ ಕಾಲದಲ್ಲಿ ಯೂರೋಪಿನವರ ಸನ್ಯಾಸಿ ಸಭೆಗಳಲ್ಲಿ ನಮ್ಮ ದೇಶದ ಗುರುಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಎಷ್ಟು ಓದಿದ್ದರೂ, ಎಷ್ಟು ಭಕ್ತಿ ಇದ್ದರೂ ಬಾಗಿಲು ಮುಚ್ಚಿತ್ತು. ಅದು ಅನ್ಯಾಯವೇ. ಕೆಲವು ಗೋವಾದ ಗುರುಗಳು ಹಳೆಯ ಗೋವಾದ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಒಟ್ಟಾಗಿ ಬಾಳಲು ಶುರು ಮಾಡಿದ್ದರು. ಫಾದರ್ ವಾಜರು 1685ರಲ್ಲಿ ಅವರನ್ನು ಸೇರಿಕೊಂಡರು, ಅವರೇ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯವರ ಓರೆಟರಿಯ ನಿಯಮದಂತೆ ಭಾರತೀಯ ಗುರುಗಳ ಒಂದು ಸಭೆ ಹೀಗೆ ಬೆಳೆಯಿತು. ಅನ್ಯಾಯದ ವಿರುದ್ಧ ಅವರು ಕೂಗಾಡಲಿಲ್ಲ. ಬಾಗಿಲು ತೆರೆಯದವರ ಮನೆ ಮುಂದೆ ಕೂರುವ ಬದಲು ಬೇರೆ ಮನೆ ಕಟ್ಟಿದರು ಅನ್ನಬಹುದು.

ಆದರೆ ಸಿಲೋನ್ ಮರೆತಿರಲಿಲ್ಲ. 1686ರಲ್ಲಿ ಮುಖ್ಯಸ್ಥನ ಪದವಿ ಬಿಟ್ಟು, ಸದ್ದುಗದ್ದಲವಿಲ್ಲದೆ ಹೊರಟರು. ದಾರಿಯಲ್ಲಿ ಕೆನರಾಕ್ಕೆ ಬಂದು ಜೊತೆಗಿದ್ದ ಗುರುಗಳನ್ನು ಇಲ್ಲಿನ ಜನರಿಗಾಗಿ ಬಿಟ್ಟರು. ಮುಂದೆ ಜೊತೆಗೆ ಉಳಿದದ್ದು ಜುವಾಂವ್ ಎನ್ನುವ ಸೇವಕ ಹುಡುಗ ಒಬ್ಬನೇ. ಮಲಬಾರ್ ದಾಟಿ ತೂತ್ತುಕುಡಿ ಸೇರಿದರು, ತಮಿಳು ಕಲಿತರು. ಗುರುವಿನ ಉಡುಪು ತೆಗೆದಿಟ್ಟರು. ಸೊಂಟಕ್ಕೊಂದು ತುಂಡುಬಟ್ಟೆ, ಕೂಲಿಯವನ ವೇಷ. ಹತ್ತು ವರ್ಷದ ಹಿಂದೆ ಕಾಗದದಲ್ಲಿ ಬರೆದ ದಾಸ ಎಂಬ ಮಾತನ್ನು ಈಗ ಮೈಮೇಲೇ ಹೊತ್ತುಕೊಂಡರು.

ಜಾಫ್ನಾದ ಮನೆಬಾಗಿಲುಗಳು

1687ರಲ್ಲಿ ಸಿಲೋನ್ ತಲುಪಿದರು. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ, ಮನ್ನಾರಿನಲ್ಲಿ ಇಳಿದು, ಜಾಫ್ನಾ ಸೇರುವಷ್ಟರಲ್ಲಿ ಇಬ್ಬರಿಗೂ ರಕ್ತಭೇದಿ. ಎದ್ದು ನಿಲ್ಲಲು ಶಕ್ತಿಯಿಲ್ಲ. ಗುರುತಿಲ್ಲದ ಊರಿನಲ್ಲಿ ಬಿದ್ದುಕೊಂಡ ಈ ಇಬ್ಬರು ಭಿಕ್ಷುಕರಿಗೆ ಒಬ್ಬ ಹೆಂಗಸು ಗಂಜಿ ಕೊಟ್ಟಳು, ಅದರಿಂದ ಜೀವ ಉಳಿಯಿತು. ಆ ತಾಯಿಯ ಹೆಸರು ಯಾರೂ ಬರೆದಿಟ್ಟಿಲ್ಲ. ಆಕೆ ಕೊಟ್ಟ ಗಂಜಿಯ ಋಣ ಮಾತ್ರ ಇಡೀ ಲಂಕೆಯ ಮೇಲಿದೆ.

ಚೇತರಿಸಿಕೊಂಡ ಮೇಲೆ ಕತ್ತಿನಲ್ಲಿ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಯಾರ ಕಣ್ಣು ಜಪಸರದ ಮೇಲೆ ನಿಲ್ಲುತ್ತದೋ ಅವರು ನಮ್ಮವರು ಎಂದು ಲೆಕ್ಕ. ಹೀಗೆ ಒಂದೊಂದೇ ಮನೆ ಗೊತ್ತಾಯಿತು. ಸಿಲ್ಲಾಲೈ ಎಂಬ ಹಳ್ಳಿಯವರು ಧೈರ್ಯ ಮಾಡಿ ಜಾಗ ಕೊಟ್ಟರು. ರಾತ್ರಿ ಹೊತ್ತು ಬಲಿಪೂಜೆ, ಪಾಪನಿವೇದನೆ, ದೀಕ್ಷಾಸ್ನಾನ, ಮದುವೆ. ಬೆಳಗಾದರೆ ಮತ್ತೆ ಭಿಕ್ಷುಕ. ಇಪ್ಪತ್ತು ಮೂವತ್ತು ವರ್ಷ ಪರಮಪ್ರಸಾದ ಕಾಣದ ಮುದುಕರು ಆ ರಾತ್ರಿಗಳಲ್ಲಿ ಹೇಗೆ ಅತ್ತಿರಬೇಕು, ನೀವೇ ಊಹಿಸಿ.

ಈಗ ಹೇಳುವ ಸಂಗತಿ ಬರೆಯಲು ಕಷ್ಟ. 1689ರ ಕ್ರಿಸ್ಮಸ್ ಸಮಯದಲ್ಲಿ ಡಚ್ಚರ ಸೈನಿಕರು ಜಾಫ್ನಾದಲ್ಲಿ ಸೇರಿದ್ದ ಕಥೋಲಿಕರ ಮೇಲೆ ದಾಳಿ ಮಾಡಿದರು. ಫಾದರ್ ವಾಜರು ತಪ್ಪಿಸಿಕೊಂಡರು. ಜನ ಸಿಕ್ಕಿಬಿದ್ದರು. ಕೆಲವರಿಗೆ ದಂಡ ಹಾಕಿದರು, ಮುಖಂಡರನ್ನು ಚಾಟಿಯಿಂದ ಹೊಡೆದರು. ಅವರಲ್ಲಿ ದೊನ್ ಪೆದ್ರು ಎಂಬವರು ಡಚ್ಚರ ಪಂಥ ಬಿಟ್ಟು ಕಥೋಲಿಕರಾಗಿದ್ದವರು. ಆ ಹೊಡೆತ ತಾಳದೆ ಪ್ರಾಣ ಬಿಟ್ಟರು. ಉಳಿದವರಿಗೆ ಸಂಕೋಲೆ, ಕಠಿಣ ದುಡಿಮೆ.

ಇತರರಿಗಾಗಿ ಪ್ರಾಣ ಕೊಡಲೆಂದು ಬಂದವರು ಫಾದರ್ ವಾಜ್. ಪ್ರಾಣ ಕೊಟ್ಟದ್ದು ಅವರನ್ನು ಅಡಗಿಸಿಟ್ಟ ಜನ. ಗುರು ಸಿಕ್ಕಿಬಿದ್ದಿದ್ದರೆ ಜನ ಬಚಾವಾಗುತ್ತಿದ್ದರೇ? ತಾನೇ ಹೋಗಿ ಒಪ್ಪಿಸಿಕೊಳ್ಳಬೇಕಿತ್ತೇ? ಹಾಗೆ ಕೇಳುವವರು ಇದ್ದಾರೆ. ಆದರೆ ಲಂಕೆಯಲ್ಲಿ ಆಗ ಅವರಲ್ಲದೆ ಇನ್ನೊಬ್ಬ ಕಥೋಲಿಕ ಗುರು ಇರಲಿಲ್ಲ. ಅವರು ಸತ್ತರೆ ದ್ವೀಪದ ಅಷ್ಟೂ ಜನ ಮತ್ತೆ ಅನಾಥರು. ಆದ್ದರಿಂದ ಸಾಯುವ ಸುಖವೂ ಅವರಿಗಿರಲಿಲ್ಲ ಅನ್ನಬೇಕು. ಬದುಕಿ ಉಳಿಯುವುದೇ ಅವರ ಪಾಲಿನ ಶಿಲುಬೆಯಾಯಿತು. ತನಗಾಗಿ ಇನ್ನೊಬ್ಬರು ಬೆಲೆ ಕೊಟ್ಟಿದ್ದಾರೆ ಎಂದು ತಿಳಿದ ಮನುಷ್ಯ ಆಮೇಲೆ ಹೇಗೆ ಬದುಕುತ್ತಾನೆ ಎನ್ನುವುದು ಅವರ ಮುಂದಿನ ಇಪ್ಪತ್ತೊಂದು ವರ್ಷದಲ್ಲಿ ಕಾಣುತ್ತದೆ.

ಕ್ಯಾಂಡಿಯ ಸೆರೆ, ಮಳೆ

1690ರಲ್ಲಿ ಪುತ್ತಳಂಗೆ ಹೋದರು. ಅಲ್ಲಿ ಡಚ್ಚರ ಆಡಳಿತವಿರಲಿಲ್ಲ, ಕ್ಯಾಂಡಿಯ ರಾಜನದು. 1692ರಲ್ಲಿ ರಾಜಧಾನಿ ಕ್ಯಾಂಡಿಗೇ ಹೊರಟರು. ಆದರೆ ಅವರಿಗಿಂತ ಮೊದಲು ಸುದ್ದಿ ಮುಟ್ಟಿತ್ತು: ಬರುತ್ತಿರುವವನು ಪೋರ್ಚುಗೀಸರ ಗೂಢಚಾರ ಎಂದು. ದಾರಿಯಲ್ಲೇ ಹಿಡಿದು, ಜುವಾಂವನನ್ನೂ ದಾರಿ ತೋರಿಸಲು ಬಂದಿದ್ದ ಅಂತೋನಿಯೊ ಸೊತ್ತೊಮಯೊರ್ ಎಂಬ ಕ್ರೈಸ್ತನನ್ನೂ ಸೇರಿಸಿ ಸೆರೆಯಲ್ಲಿಟ್ಟರು. ಸೆರೆಯಲ್ಲಿ ಫಾದರ್ ವಾಜರು ಏನು ಮಾಡಿದರು? ಸಿಂಹಳ ಕಲಿತರು. ಕಾವಲು ಸಡಿಲವಾದಂತೆ ಒಂದು ಚಪ್ಪರದ ಗುಡಿ ಮಾಡಿ ಬಲಿಪೂಜೆ ಶುರು ಮಾಡಿದರು. ಕ್ಯಾಂಡಿಯ ಕ್ರೈಸ್ತರು ಮೆಲ್ಲಗೆ ಅಲ್ಲಿಗೆ ಬರತೊಡಗಿದರು.

ರಾಜ ಎರಡನೇ ವಿಮಲಧರ್ಮಸೂರ್ಯ ಬೌದ್ಧ ಧರ್ಮದವನು, ಒಳ್ಳೆಯ ಮನಸ್ಸಿನವನು. 1693ರಲ್ಲಿ ಮಳೆಯಿಲ್ಲದೆ ನಾಡು ಒಣಗಿತು. ಎಲ್ಲರೂ ತಮ್ಮ ತಮ್ಮ ಕ್ರಮದಲ್ಲಿ ಬೇಡಿದರು. ರಾಜ ಈ ಸೆರೆಯಾಳಿಗೂ ಹೇಳಿಕಳಿಸಿದ. ಫಾದರ್ ವಾಜರು ಬಯಲಲ್ಲಿ ಪೀಠ ಇಟ್ಟು, ಶಿಲುಬೆ ನಿಲ್ಲಿಸಿ, ಮೊಣಕಾಲೂರಿದರು. ಮಳೆ ಸುರಿಯಿತು, ಅವರೂ ಪೀಠವೂ ಮಾತ್ರ ನೆನೆಯಲಿಲ್ಲ ಎಂದು ಚರಿತ್ರೆಕಾರರು ಬರೆದಿದ್ದಾರೆ. ರಾಜ ಬಿಡುಗಡೆ ಕೊಟ್ಟ, ತನ್ನ ರಾಜ್ಯದಲ್ಲಿ ಓಡಾಡಿ ಸೇವೆ ಮಾಡಲು ಅಪ್ಪಣೆ ಕೊಟ್ಟ.

ಸಿಡುಬಿನ ವರ್ಷ

ಮಳೆಯ ಪವಾಡವನ್ನು ಎಲ್ಲರೂ ಹೇಳುತ್ತಾರೆ, ಪಟಗಳಲ್ಲೂ ಬರೆಯುತ್ತಾರೆ. ಆದರೆ ನನ್ನನ್ನು ಕೇಳಿದರೆ ಅದಕ್ಕಿಂತ ದೊಡ್ಡದು 1697ರಲ್ಲಿ ನಡೆದದ್ದು. ಆ ವರ್ಷ ಕ್ಯಾಂಡಿಗೆ ಸಿಡುಬು ಬಂತು. ಈಗಿನ ಮಕ್ಕಳಿಗೆ ಆ ರೋಗದ ಹೆಸರೂ ಗೊತ್ತಿಲ್ಲ. ಮೈಯೆಲ್ಲ ಗುಳ್ಳೆ, ಕೀವು, ವಾಸನೆ, ಹತ್ತಿರ ಹೋದವರಿಗೂ ಅಂಟುವ ರೋಗ. ರಾಜ ಊರು ಬಿಟ್ಟ. ಉಳ್ಳವರು ಬಿಟ್ಟರು. ಜನ ಹೆದರಿ ತಮ್ಮ ತಂದೆ ತಾಯಿ, ಹೆಂಡತಿ ಮಕ್ಕಳನ್ನೇ ಕಾಡಿನಲ್ಲಿ ಬಿಟ್ಟು ಓಡಿದರು. ಅವರನ್ನು ಬೈಯುವ ಹಾಗಿಲ್ಲ. ಭಯ ಅಂಥದು.

ಫಾದರ್ ವಾಜರು ಓಡಲಿಲ್ಲ. ಹಿಂದಿನ ವರ್ಷ ಗೋವಾದಿಂದ ಬಂದಿದ್ದ ಅವರ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ ಜೊತೆ ನಿಂತರು. ಇಬ್ಬರೇ. ಕಾಡಿನಲ್ಲಿ ಬಿದ್ದವರಿಗೆ ಗುಡಿಸಲು ಹಾಕಿದರು. ಬಿಟ್ಟುಹೋದ ಮನೆಗಳಲ್ಲಿ ರೋಗಿಗಳನ್ನು ಮಲಗಿಸಿದರು. ಬೆಳಗ್ಗೆ ಗಂಜಿ ಕಾಯಿಸುವುದು, ಮನೆಮನೆಗೆ ಹೊತ್ತು ಒಯ್ಯುವುದು, ಏಳಲಾಗದವರಿಗೆ ಬಾಯಿಗೆ ಹಾಕುವುದು, ಗಾಯ ತೊಳೆಯುವುದು, ಹೊಲಸು ತೆಗೆಯುವುದು, ಸತ್ತವರಿಗೆ ಗುಂಡಿ ತೋಡುವುದು, ಹೊತ್ತು ಒಯ್ದು ಹೂಳುವುದು. ರೋಗಿ ಕ್ರೈಸ್ತನೋ ಬೌದ್ಧನೋ ಎಂದು ಯಾರೂ ಕೇಳಲಿಲ್ಲ. ತಿಂಗಳಲ್ಲ ಎರಡು ತಿಂಗಳಲ್ಲ, ರೋಗ ಇಳಿಯುವ ತನಕ ಅದೇ ಕೆಲಸ. ಜಾಫ್ನಾದಲ್ಲಿ ಹೆಸರಿಲ್ಲದ ತಾಯಿ ಕೊಟ್ಟ ಗಂಜಿ ಕ್ಯಾಂಡಿಯಲ್ಲಿ ಹೀಗೆ ತಿರುಗಿ ಬಂತು.

ಈ ಇಬ್ಬರು ಪಾದ್ರಿಗಳು ಇಲ್ಲದಿದ್ದರೆ ಕ್ಯಾಂಡಿಯ ಬೀದಿಗಳಲ್ಲಿ ಹೆಣಗಳೇ ಹರಡಿಕೊಂಡಿರುತ್ತಿದ್ದವು ಎಂದು ರಾಜನೇ ಒಪ್ಪಿಕೊಂಡನಂತೆ. ರಾಜ ಕ್ರೈಸ್ತನಾಗಲಿಲ್ಲ, ಬೌದ್ಧನಾಗಿಯೇ ಇದ್ದು 1707ರಲ್ಲಿ ತೀರಿಕೊಂಡ. ಫಾದರ್ ವಾಜರು ಅದಕ್ಕಾಗಿ ಸೇವೆಯನ್ನು ಒಂದು ಗುಕ್ಕು ಗಂಜಿಯಷ್ಟೂ ಕಡಿಮೆ ಮಾಡಲಿಲ್ಲ. ಕ್ರಿಸ್ತನ ಬಲಿದಾನ ಎಲ್ಲರಿಗಾಗಿ ಎಂದು ನಂಬುವವನು, ಪ್ರತಿಫಲ ಕೊಡುವವರಿಗೆ ಮಾತ್ರ ಎಂದು ಲೆಕ್ಕ ಹಾಕುವ ಹಾಗಿಲ್ಲವಲ್ಲ.

ಕೊನೆಯ ವರ್ಷಗಳು

ಆಮೇಲೆ ಗೋವಾದಿಂದ ಇನ್ನಷ್ಟು ಗುರುಗಳು ಬಂದರು. 1705ರಲ್ಲಿ ಬಂದ ಫಾದರ್ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಬರೆದ ಪುಸ್ತಕಗಳಿಗೆ ಇವತ್ತೂ ಲಂಕೆಯಲ್ಲಿ ಗೌರವವಿದೆ. ಫಾದರ್ ವಾಜರು ಮಾತ್ರ ಮತ್ತೆ ಊರು ನೋಡಲಿಲ್ಲ. ಬಾಣಾವಲಿಯೂ ಇಲ್ಲ, ಸಾಂಕ್ವಾಳವೂ ಇಲ್ಲ, ನಮ್ಮ ಕೆನರಾವೂ ಇಲ್ಲ. ಲಂಕೆಯ ಸಭೆಗೆ ಅವರನ್ನೇ ಮೇಲಧಿಕಾರಿ ಮಾಡಬೇಕೆಂದು ರೋಮಿನ ಪ್ರತಿನಿಧಿಗಳು ಬಯಸಿದಾಗ ಬೇಡವೆಂದರು. ಕಾಡುದಾರಿಗಳಲ್ಲಿ ನಡೆದು ನಡೆದು ದೇಹ ಸೋತಿತ್ತು. 1711ರ ಜನವರಿ 16ರಂದು ರಾತ್ರಿ ಕ್ಯಾಂಡಿಯಲ್ಲಿ ಪ್ರಾಣ ಬಿಟ್ಟರು. ಅರವತ್ತು ತುಂಬಲು ಮೂರು ತಿಂಗಳಿತ್ತು. ಲಂಕೆಗೆ ಬಂದು ಇಪ್ಪತ್ತನಾಲ್ಕನೇ ವರ್ಷ.

ರಕ್ತಸಾಕ್ಷಿಗಳು ಒಂದೇ ದಿನದಲ್ಲಿ ಪ್ರಾಣ ಕೊಡುತ್ತಾರೆ, ಅದು ಮಹಾತ್ಯಾಗ. ಇವರನ್ನು ಯಾರೂ ಕೊಲ್ಲಲಿಲ್ಲ, ಹಾಸಿಗೆಯಲ್ಲೇ ಸತ್ತರು. ಆದರೆ ಅದೇ ಪ್ರಾಣವನ್ನು ಚಿಲ್ಲರೆ ಮಾಡಿ, ಇವತ್ತು ಇಷ್ಟು ನಾಳೆ ಇಷ್ಟು ಎಂದು ಇಪ್ಪತ್ತನಾಲ್ಕು ವರ್ಷ ಕೊಟ್ಟರು.

1713ರಲ್ಲೇ ಕೊಚ್ಚಿಯ ಧರ್ಮಾಧ್ಯಕ್ಷರು ಅವರನ್ನು ಸಂತರೆಂದು ಘೋಷಿಸುವ ಸಲುವಾಗಿ ವಿಚಾರಣೆ ಆರಂಭಿಸಿದರು. ಆದರೆ ಕೆಲಸ ಮುಂದುವರಿಯಲು ಬಹಳ ಕಾಲ ಹಿಡಿಯಿತು. 1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಪುಣ್ಯವಂತರೆಂದು ಸಾರಿದರು. ಇಪ್ಪತ್ತು ವರ್ಷದ ನಂತರ 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ಕೊಲಂಬೊದ ಕಡಲತೀರದ ಗಾಲ್ ಫೇಸ್ ಮೈದಾನದಲ್ಲಿ, ಲಕ್ಷಾಂತರ ಜನರ ಮುಂದೆ, ಸಂತರೆಂದು ಘೋಷಿಸಿದರು. ಶ್ರೀಲಂಕಾದ ಮೊದಲ ಸಂತರು ಅವರು. ಜನವರಿ 16 ಅವರ ಹಬ್ಬದ ದಿನ.

ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಇಗರ್ಜಿ ಮುಂದಿನ ಗಲಾಟೆಗಳಲ್ಲಿ ಹಾಳಾಯಿತು. ಸಮಾಧಿ ಎಲ್ಲಿತ್ತೆಂದು ಹುಡುಕಿದರೂ ಸಿಕ್ಕಿಲ್ಲ. ಹಾಗಾಗಿ ಗೋರಿಯ ಮುಂದೆ ನಿಂತು ಪ್ರಾರ್ಥಿಸುತ್ತೇವೆ ಅಂದರೆ ಕ್ಯಾಂಡಿಯಲ್ಲಿ ಆಗುವುದಿಲ್ಲ. ಸಾಂಕ್ವಾಳಕ್ಕೆ ಹೋಗುತ್ತಾರೆ, ಬಾಣಾವಲಿಗೆ ಹೋಗುತ್ತಾರೆ, ಈ ಮುಡಿಪು ಗುಡ್ಡಕ್ಕೆ ಬರುತ್ತಾರೆ.